ಗೇಜಿನ ಮೇಲಿನ ವಿಭೂತಿ

ಕೆಂಗೇರಿಯ ಕಾಲೇಜಿನಲ್ಲಿ ನಮ್ಮ ಲ್ಯಾಬ್ ಮೇಷ್ಟ್ರು ಪುಟ್ಟ ಗ್ಯಾಸ್ ಟರ್ಬೈನನ್ನು ಹೊತ್ತಿಸುವ ಮುಂಚೆ ಬರೀ ತಿರುಗಿಸಿ, ಆಯಿಲ್ ಗೇಜಿನ ಮುಳ್ಳು ಏಳುವವರೆಗೂ ಕಾಯುತ್ತಿದ್ದರು. "ಮೊದಲು ಎಣ್ಣೆ, ಆಮೇಲೆ ಬೆಂಕಿ ಕಣ್ರೋ" ಎನ್ನುತ್ತಿದ್ದರು.

ಆಯುಧಪೂಜೆ ಮುಗಿದ ವಾರ ಕಾಲೇಜಿನ ಮಾನ್ಯತೆಯ ತಪಾಸಣೆಯವರು ಬಂದರು. ಗೇಜಿನ ಗಾಜಿನ ತುಂಬ ವಿಭೂತಿ. ಕುಂಕುಮವೂ ಇತ್ತೇನೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. "ಕಾಯ್ತಿದಾರೆ, ಬೇಗ ಹೊತ್ತಿಸಿ ಸಾರ್" ಎಂದರು ಎಚ್‌ಒಡಿ. ಮೇಷ್ಟ್ರು ಎಂಜಿನ್ ತಿರುಗಿಸುತ್ತಲೇ ಬೆರಳಿನಿಂದ ಗಾಜು ಒರೆಸಿದರು. ಮುಳ್ಳು ಸೊನ್ನೆಯಲ್ಲೇ ಇತ್ತು. ಪೂಜೆಗೆಂದು ಎಂಜಿನ್ ಒರೆಸಿದವರು ಎಣ್ಣೆಯ ವಾಲ್ವ್ ಮುಚ್ಚಿ, ತೆರೆಯುವುದನ್ನು ಮರೆತಿದ್ದರು. ಹಾಗೇ ಹೊತ್ತಿಸಿದ್ದರೆ ಬೇರಿಂಗ್ ಸುಟ್ಟು, ಲ್ಯಾಬಿಗಿದ್ದ ಒಂದೇ ಎಂಜಿನ್ ಹೋಗುತ್ತಿತ್ತು. ವಾಲ್ವ್ ತೆರೆದು ಮತ್ತೆ ತಿರುಗಿಸಿದರು; ಮುಳ್ಳು ಎದ್ದಿತು.

"ಯಾಕ್ರೀ ಇಷ್ಟು ಲೇಟು?" ಎಂದರು ತಪಾಸಣೆಯವರು.

"ಪೂಜೆ ಸ್ವಲ್ಪ ಬಾಕಿ ಇತ್ತು ಸಾರ್" ಎಂದು ಮೇಷ್ಟ್ರು ಬೆರಳನ್ನು ಹಣೆಗೆ ಒರೆಸಿಕೊಂಡರು.