ಮಚ್ಚೆ ಡಾಕ್ಟರು ಒರೆಸಿದ ಚುಕ್ಕಿ

ನನ್ನ ಹಿರಿ ಸೊಸೆಗೆ ಅವಳು ಕೆಲಸ ಮಾಡುವ ಫೋಟೋ ಸ್ಟುಡಿಯೋದಲ್ಲಿ ಮಚ್ಚೆ ಡಾಕ್ಟರು ಅಂತಲೇ ಹೆಸರು. ಕಂಪ್ಯೂಟರಿನ ಮುಂದೆ ಕೂತಳು ಅಂದರೆ ಯಾರ ಮುಖವೇ ಆಗಲಿ, ಮೊಡವೆ, ಕಲೆ, ಕಣ್ಣ ಕೆಳಗಿನ ಕಪ್ಪು, ಎಲ್ಲ ಮಾಯ. ಒಂದು ಸಲ ಒಬ್ಬ ಮದುಮಗನ ಗಲ್ಲದ ಮಚ್ಚೆಯನ್ನೂ ತೆಗೆದುಬಿಟ್ಟಿದ್ದಳು. ಅವನ ತಾಯಿ ಆಲ್ಬಮ್ ಹಿಡಿದುಕೊಂಡು ಬಂದು "ಇವನ್ಯಾರಮ್ಮಾ? ನನ್ನ ಮಗ ಎಲ್ಲಿ?" ಅಂತ ಜಗಳಕ್ಕೆ ನಿಂತಳಂತೆ. ಅದನ್ನು ಹೇಳಿಕೊಂಡು ಇವಳೇ ನಗುತ್ತಾಳೆ. ಇಪ್ಪತ್ತು ವರ್ಷದ ಕೈ ಅದು. ಮನೆಯಲ್ಲೂ ಸುಮ್ಮನಿರಲ್ಲ, ಗೋಡೆಯ ಮೇಲೆ ಕಲೆ ಕಂಡರೂ ಉಗುರಲ್ಲಿ ಕೆರೆಯುತ್ತಾಳೆ.

ಅವಳಿಗೆ ಆಕಾಶದ ಫೋಟೋ ತೆಗೆಯುವ ಹುಚ್ಚು. ಸ್ಟುಡಿಯೋದವರು ಮೂಲೆಗೆ ಎಸೆದಿದ್ದ ಹಳೇ ಕ್ಯಾಮೆರಾ, ಉದ್ದ ಮೂತಿಯ ಲೆನ್ಸು ಕೇಳಿ ತಂದಳು. ನನ್ನ ದೊಡ್ಡ ಮಗ ಎರಡು ಹಲಗೆಗೆ ಬಾಗಿಲ ಕೀಲು ಜೋಡಿಸಿ, ಒಂದು ಬೋಲ್ಟು ಹಾಕಿ ಕೊಟ್ಟ. ಆ ಬೋಲ್ಟನ್ನು ಎಣಿಸಿ ಎಣಿಸಿ ಒಂದಿಷ್ಟೇ ತಿರುಗಿಸುತ್ತಿದ್ದರೆ ಮೇಲಿನ ಹಲಗೆ ಮೆಲ್ಲಗೆ ಏಳುತ್ತದೆ, ಆಕಾಶ ಜರುಗಿದ ಹಾಗೆ ಕ್ಯಾಮೆರಾನೂ ಜರುಗುತ್ತದೆ. ಅರ್ಧರ್ಧ ನಿಮಿಷದ ನೂರಾರು ಫೋಟೋ ತೆಗೆದು ಒಂದರ ಮೇಲೊಂದು ಕೂರಿಸಿದರೆ, ಬರೀ ಕಣ್ಣಿಗೆ ಕಾಣದ ಗ್ಯಾಲಕ್ಸಿ ಮೂಡುತ್ತದೆ. ಮೊದಲ ಸಲ ತೋರಿಸಿದಾಗ ನನಗೆ ಬಚ್ಚಲ ನೊರೆ ಸುತ್ತಿಕೊಂಡು ಇಳಿಯುವ ಹಾಗೆ ಕಂಡಿತು. ಹಾಗೇ ಹೇಳಿದೆ.

"ಆ ನೊರೆಯ ಒಂದೊಂದು ಗುಳ್ಳೆನೂ ಒಂದೊಂದು ಸೂರ್ಯ, ಅತ್ತೆ" ಅಂದಳು.

ಆರು ವರ್ಷ ನಮ್ಮ ಮನೆಯಲ್ಲಿ ಆಕಾಶ ಅಂದರೆ ಅವಳೊಬ್ಬಳದೇ. ಆಮೇಲೆ ಮಹಡಿಗೆ ಕಿರಿ ಸೊಸೆ ಬಂದಳು. ಕನ್ನಡಕದಂಗಡಿಯಲ್ಲಿ ಗಾಜನ್ನು ಫ್ರೇಮಿಗೆ ತಕ್ಕ ಹಾಗೆ ಉಜ್ಜಿ ಕೂರಿಸುವ ಕೆಲಸ ಅವಳದು. ಅಂಗಡಿಯ ಗಾಜಿನ ಕಪಾಟಿನಲ್ಲಿ ಅಲಂಕಾರಕ್ಕೆ ಇಟ್ಟಿದ್ದ ದುರ್ಬೀನನ್ನು ಯಜಮಾನರು ಇವಳಿಗೆ ಕೊಟ್ಟರು. ಅದರ ಬಾಯಿಗೆ ಫೋನು ಕಟ್ಟಿ ಒಂದು ಸಂಜೆ ಶನಿಗ್ರಹದ ಫೋಟೋ ತೆಗೆದಳು. ಉಂಗುರದ ಸಮೇತ ಬಂತು! ಕಟ್ಟಡದವರೆಲ್ಲ ಮೆಟ್ಟಿಲು ಹತ್ತಿ ಬಂದು ನೋಡಿದರು.

ಹಿರಿಯವಳು "ಚೆನ್ನಾಗಿದೆ ಕಣೇ" ಅಂದಳು. ಒಳಗೆ ಬಂದು ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ತೊಳೆದಳು.

"ನಾನು ಆರು ವರ್ಷ ಕತ್ತು ನೋಯಿಸಿಕೊಂಡೆ, ಒಂದು ನರಪಿಳ್ಳೆ ಮೇಲೆ ಬರಲಿಲ್ಲ. ಇವಳಿಗೆ ಶನಿ ವಕ್ಕರಿಸಿದ್ದಕ್ಕೂ ಚಪ್ಪಾಳೆ ನೋಡಿ ಅತ್ತೆ!"

ಎರಡು ಜಡೆ ಒಂದು ಕಡೆ ಸೇರಲ್ಲ ಅಂತ ಸುಮ್ಮನೆ ಹೇಳಿಲ್ಲ. ಕೊನೆಗೆ ಮನೆ ಪಾಲು ಮಾಡಿದ ಹಾಗೆ ಆಕಾಶವನ್ನೂ ಪಾಲು ಮಾಡಿಕೊಂಡರು. ಗ್ರಹಗಳೆಲ್ಲ ಕಿರಿಯವಳಿಗೆ, ಗ್ಯಾಲಕ್ಸಿಗಳು ಹಿರಿಯವಳಿಗೆ. ಅರ್ಧ ವರ್ಷ ಅದು ನಡೆಯಿತು. ಆಮೇಲೆ ಕಿರಿಯವಳು ಯಾರದೋ ಹಳೇ ಕ್ಯಾಮೆರಾ ತಂದು ದುರ್ಬೀನಿಗೆ ಸಿಕ್ಕಿಸಿ ಗ್ಯಾಲಕ್ಸಿಗೂ ಕೈ ಹಾಕಿದಳು. ಅದೂ ಹಿರಿಯವಳು ಅದೇ ವಾರ ತೆಗೆದಿದ್ದ ಗ್ಯಾಲಕ್ಸಿಗೆ.

ಆಕಾಶ ನೋಡುವವರದ್ದೊಂದು ಸಂಘ ಇದೆ, ಇಬ್ಬರೂ ಅದರ ಫೋನ್ ಗುಂಪಿನಲ್ಲಿ ತಾರೀಕು ಬರೆದು ಫೋಟೋ ಹಾಕುತ್ತಾರೆ. ಹಿರಿಯವಳದು ಮಂಗಳವಾರದ್ದು, ಕನ್ನಡಿ ಒರೆಸಿಟ್ಟ ಹಾಗಿತ್ತು. ಕಿರಿಯವಳದು ಶನಿವಾರದ್ದು, ಮೈತುಂಬ ಕಲೆ. ಬಟ್ಟೆ ಒಣಹಾಕುತ್ತಾ ಹಿರಿಯವಳು ಶುರು ಮಾಡಿದಳು.

"ಏನೇ ನಿನ್ನ ಗ್ಯಾಲಕ್ಸಿ, ಹಾಸಿಗೆಯಿಂದೆದ್ದು ನೆಟ್ಟಗೆ ಮದುವೆಗೆ ಬಂದ ಹಾಗಿದೆ! ಸುರುಳಿ ಪಕ್ಕ ಇಷ್ಟು ದಪ್ಪ ಚುಕ್ಕಿ ಬೇರೆ. ಅದನ್ನಾದರೂ ತೆಗಿ."

"ನನಗೆ ತೆಗೆಯೋಕೆ ಬರಲ್ಲ ಅಕ್ಕಾ. ನೀವೇ ತೆಗೆದುಕೊಡ್ತೀರಾ?"

"ನನಗೆ ಸ್ಟುಡಿಯೋದಲ್ಲಿ ಬೇಕಾದಷ್ಟು ಮೊಡವೆ ಇವೆಯಮ್ಮಾ."

ನಮ್ಮ ಮಾತಿನಲ್ಲಿ ಕಲೆಗೂ ಚುಕ್ಕಿ ಅಂತೀವಿ, ಆಕಾಶದಲ್ಲಿ ಹೊಳೆಯುವುದಕ್ಕೂ ಚುಕ್ಕಿ ಅಂತೀವಿ. ಹಿರಿಯವಳು ಹೇಳಿದ್ದು ಕಲೆಯನ್ನು. ಕಿರಿಯವಳಿಗೆ ಅನುಮಾನ ಬಂದು, ಇದೇನು ಚುಕ್ಕಿ ಅಂತ ಗುಂಪಿನಲ್ಲೇ ಕೇಳಿದಳು. ಸಂಘ ನಡೆಸುವ ಮೇಷ್ಟ್ರು ಹಳೇ ಫೋಟೋಗಳನ್ನೆಲ್ಲ ತಿರುವಿ ಹಾಕಿ ನೋಡಿ ಬರೆದರು: ಆ ಗ್ಯಾಲಕ್ಸಿಯಲ್ಲಿ ಒಂದು ನಕ್ಷತ್ರ ಸಿಡಿದಿದೆ, ಹೊಸದಾಗಿ ಕಂಡಿದೆ, ನಮ್ಮಲ್ಲಿ ಇದನ್ನು ಮೊದಲು ಕಂಡವರು ಇವರೇ. ಅದರ ಕೆಳಗೆ ಇಬ್ಬರ ಫೋಟೋನೂ ಅಕ್ಕಪಕ್ಕ ಇಟ್ಟರು. ಮಂಗಳವಾರ ಇಲ್ಲ, ಶನಿವಾರ ಇದೆ. ಅಂದರೆ ಮಂಗಳವಾರ ಕಳೆದ ಮೇಲೆ ಸಿಡಿದದ್ದು ಅಂತ. ಸಂಘದ ಪತ್ರಿಕೆಯಲ್ಲೂ ಹಾಗೇ ಅಚ್ಚಾಗಬೇಕಿತ್ತು.

ಹಿರಿಯವಳು ಅದನ್ನು ಸ್ಟುಡಿಯೋದಲ್ಲಿ ಓದಿದಳು. ಓದಿದ ಕೂಡಲೇ ಕೈಗೆ ನೆನಪಾಯಿತಂತೆ. ಹಳೇ ಕ್ಯಾಮೆರಾ ತಾನಾಗೇ ಬಿಳಿ ಚುಕ್ಕಿ ಹುಟ್ಟಿಸುತ್ತೆ, ಪ್ರತಿ ಫೋಟೋದಲ್ಲೂ ಐವತ್ತು ಅರವತ್ತು ಒರೆಸುತ್ತಾಳೆ. ಮಂಗಳವಾರ ಸುರುಳಿ ಪಕ್ಕದಲ್ಲೂ ಒಂದನ್ನು ಒರೆಸಿದ್ದಳು. ಕೈ ಹಾಕದ ಮೂಲ ಫೋಟೋಗಳನ್ನು ತೆಗೆದು ನೋಡಿದಳು. ಕೈಯಲ್ಲಿ ತಿರುಗಿಸುವ ಬೋಲ್ಟು, ಫೋಟೋದಿಂದ ಫೋಟೋಗೆ ಗ್ಯಾಲಕ್ಸಿ ಒಂದಿಷ್ಟು ಜರುಗೇ ಇರುತ್ತದೆ; ಕ್ಯಾಮೆರಾದ ಚುಕ್ಕಿಯಾದರೆ ಇದ್ದಲ್ಲೇ ಇರಬೇಕು. ಇದು ಗ್ಯಾಲಕ್ಸಿಯ ಜೊತೆಗೇ ಜರುಗಿತ್ತು, ನೂರಿಪ್ಪತ್ತು ಫೋಟೋದಲ್ಲೂ.

ಮನೆಗೆ ಬಂದವಳು ಚಪ್ಪಲಿನೂ ಬಿಡದೆ ನನ್ನ ಪಕ್ಕ ಕೂತಳು.

"ಅತ್ತೆ, ಅದು ನನ್ನದು."

"ಯಾವುದೇ?"

"ಆ ಚುಕ್ಕಿ. ಅವಳಿಗಿಂತ ನಾಲ್ಕು ದಿನ ಮೊದಲೇ ನನ್ನ ಹತ್ರ ಬಂದಿತ್ತು. ನಾನೇ ಒರೆಸಿ ಕಳಿಸಿಬಿಟ್ಟೆ."

"ಹಾಗಂತ ಮೇಷ್ಟ್ರಿಗೆ ಹೇಳು."

"ಹೇಳಿದ್ರೆ ಮಾನ ಉಳಿಯುತ್ತಾ? ಆಕಾಶಕ್ಕೂ ಪೌಡರ್ ಹಚ್ತಾಳೆ, ಇವಳ ಆರು ವರ್ಷದ ಫೋಟೋದಲ್ಲಿ ಯಾವುದು ನಿಜ, ಯಾವುದು ಸುಳ್ಳು ಅಂತ ಕೇಳಲ್ವಾ?"

"ಹೇಳದಿದ್ರೆ?"

"ಮೇಷ್ಟ್ರ ಲೆಕ್ಕ ತಪ್ಪಾಗುತ್ತೆ." ಆಮೇಲೆ ನಿಜವಾದ ಸಂಕಟ ಹೊರಗೆ ಬಂತು. "ಅವಳು ಮೊದಲು ಅಂತಾಗುತ್ತೆ."

ಎರಡು ದಿನ ಮನೆಯಲ್ಲಿ ಕಾಲಿಡುವ ಹಾಗಿರಲಿಲ್ಲ. ಮಹಡಿಯಲ್ಲಿ ಅವಳು ನಕ್ಕರೆ ಕೆಳಗೆ ಇವಳ ಪಾತ್ರೆ ಕುಕ್ಕುವ ಸದ್ದು. ಅವಳ ಫೋನು ಹೊಡೆದುಕೊಂಡರೆ ಇವಳು ಕಿಟಕಿ ಮುಚ್ಚುತ್ತಿದ್ದಳು. ಮೂರನೇ ದಿನ ಬೆಳಗ್ಗೆ ಕಿರಿಯವಳು ಕಾಗದ ಪೆನ್ನು ಹಿಡಿದು ಇಳಿದು ಬಂದಳು.

"ಅಕ್ಕಾ, ಮೇಷ್ಟ್ರು ಪತ್ರಿಕೆಗೆ ಬರೆದುಕೊಡಿ ಅಂದಿದ್ದಾರೆ. ನಿಮ್ಮ ಫೋಟೋ ಕೆಳಗೆ 'ಚುಕ್ಕಿ ಇಲ್ಲದ ಫೋಟೋ' ಅಂತ ಬರೆದರೆ ಸಾಕಾ?"

ಆ ಹುಡುಗಿಯ ಮನಸ್ಸಿನಲ್ಲಿ ಏನೂ ಇರಲಿಲ್ಲ. ಇವಳ ಮುಖ ಮಾತ್ರ ಕೆಂಡವಾಯಿತು. "ಏನೂ ಬರೀಬೇಡ" ಅಂದವಳೇ ಒಳಗೆ ಹೋಗಿ, ಮೂಲ ಫೋಟೋಗಳನ್ನೆಲ್ಲ ಮೇಷ್ಟ್ರಿಗೆ ಕಳಿಸಿ, ಒರೆಸಿದ್ದು ನಾನೇ ಅಂತ ಗುಂಪಿನಲ್ಲಿ ಎಲ್ಲರ ಮುಂದೆ ಬರೆದಳು. ಸತ್ಯದ ಮೇಲಿನ ಪ್ರೀತಿಗೆ ಬರೆದಳು ಅಂತ ನಾನು ಹೇಳಿದರೆ ಅವಳೇ ನಕ್ಕಾಳು. ವಾರಗಿತ್ತಿ ಮುಂದೆ ಹೋಗುವುದನ್ನು ತಡೆದುಕೊಳ್ಳಲಾಗದೆ ಬರೆದದ್ದು.

ಸಂಜೆ ಮೇಷ್ಟ್ರ ಫೋನು ಬಂತು. ನನಗೂ ಕೇಳಲಿ ಅಂತ ಜೋರಾಗಿ ಇಟ್ಟಳು.

"ಬಹಳ ಉಪಕಾರ ಆಯ್ತಮ್ಮಾ. ತಾರೀಕು ತಿದ್ದಿದ್ದೀನಿ. ನೀವು ಹೇಳದಿದ್ರೆ ತಪ್ಪೇ ಅಚ್ಚಾಗ್ತಿತ್ತು."

"ಹಾಗಾದ್ರೆ ಸಾರ್, ಮೊದಲು ಕಂಡೋರು...?"

"ಅದು ಅವರೇ ಅಮ್ಮಾ. ನಿಮ್ಮ ಫೋಟೋದಲ್ಲಿ ಬಿದ್ದಿತ್ತು ನಿಜ. ಕಂಡು, ಇದೇನು ಅಂತ ಕೇಳಿದೋರು ಅವರಲ್ವಾ?"

ಮಾನವೂ ಹೋಯಿತು, ಮೊದಲ ಸ್ಥಾನವೂ ಬರಲಿಲ್ಲ. ಅವಳ ಸ್ಟುಡಿಯೋ ಹೆಸರು ಗೊತ್ತಿದ್ದ ಒಬ್ಬ ಗುಂಪಿನಲ್ಲಿ, ಸೂರ್ಯನ ಮೇಲೂ ಕಲೆ ಇವೆಯಂತೆ, ಮಚ್ಚೆ ಡಾಕ್ಟರಿಗೆ ತೋರಿಸೋಣವಾ ಅಂತ ಬರೆದ. ಕಿರಿಯವಳು ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾ, ಇಬ್ಬರ ಹೆಸರೂ ಹಾಕಿ ಅಂತ ಮೇಷ್ಟ್ರಿಗೆ ಹೇಳಲಾ?"

"ನಿನ್ನ ಭಿಕ್ಷೆ ಬೇಡ." ಹಿರಿಯವಳು ಫೋನು ಬೋರಲು ಹಾಕಿದಳು. "ಅಲ್ಲ ಕಣೇ, ಒರೆಸೋಕೆ ಬಂದಿದ್ರೆ ನೀನೂ ಒರೆಸ್ತಿದ್ದೆ ತಾನೇ?"

"ಒರೆಸ್ತಿದ್ದೆ ಅಕ್ಕಾ. ನಿಮ್ಮಷ್ಟು ನುಣ್ಣಗೆ ಅಲ್ಲ."

ಹಿರಿಯವಳು ನಗು ಬಂದದ್ದು ಕಾಣಬಾರದು ಅಂತ ಒಲೆ ಕಡೆ ತಿರುಗಿದಳು.

ಪತ್ರಿಕೆ ಬಂತು. ಹಿರಿಯವಳ ಫೋಟೋ ಕೈ ಹಾಕದ ಹಾಗೇ, ಬಿಳಿ ಚುಕ್ಕಿಗಳ ಸಮೇತ ಅಚ್ಚಾಗಿತ್ತು. ಪಕ್ಕದಲ್ಲಿ ಕಿರಿಯವಳದು, ಅದರ ಕೆಳಗೆ 'ಮೊದಲು ಕಂಡವರು' ಅಂತ. ಹಿರಿಯವಳು ಹಾಳೆಯನ್ನು ನನ್ನ ಮುಂದೆ ಹಿಡಿದು, ಕೆಳಗಿನ ಬರಹವನ್ನು ಹೆಬ್ಬೆರಳಲ್ಲಿ ಮುಚ್ಚಿದಳು.

"ಹೆಸರು ಬಿಡಿ ಅತ್ತೆ. ಬರೀ ಫೋಟೋ ನೋಡಿ ಹೇಳಿ, ಎರಡರಲ್ಲಿ ಯಾವುದು ಚೆನ್ನಾಗಿದೆ?"

ಮೆಟ್ಟಿಲು ಹತ್ತುತ್ತಿದ್ದ ಕಿರಿಯವಳೂ ಅಲ್ಲೇ ನಿಂತಳು. ನಾನು ಇಬ್ಬರ ಕೈಯಲ್ಲೂ ಉಣ್ಣಬೇಕಾದವಳು. ಇರಿ, ಕನ್ನಡಕ ತಂದು ನೋಡ್ತೀನಿ ಅಂತ ಎದ್ದೆ.

"ಮೂಗಿನ ಮೇಲೇ ಇದೆಯಲ್ಲಾ ಅತ್ತೆ!" ಅಂದರು, ಇಬ್ಬರೂ ಒಟ್ಟಿಗೆ.