ಎರಡು ಕ್ಯಾಲೆಂಡರ್ ಕೆಚ್ಚಿದ ಕಾಕಾ

ಅವರ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಬೂದಿ ಹಚ್ಚಿಕೊಂಡು ನೂಲು ಹೊಸೆದು ಅದು ಹುಣಸೆ ಬೀಜದಂತೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಯಂತ್ರ ಅದನ್ನು ಗುರುತಿಸುತ್ತಿರಲಿಲ್ಲ. "ನಾ ಯಾರಂತ ನನ್ನ ಫೋನಿಗೂ ಗೊತ್ತಿಲ್ಲ ನೋಡ್ರಿ ಅಕ್ಕಾರ," ಎಂದು ನಗುತ್ತ ಅಂಕಿ ಒತ್ತಿ ಮೊಬೈಲ್ ತೆರೆಯುತ್ತಿದ್ದರು.

ರಬಕವಿಯ ನಮ್ಮ ಓಣಿಗೆಲ್ಲ ಅವರು ಕೆಚ್ಚುವ ಕಾಕಾ. ನನಗಿಂತ ಚಿಕ್ಕವರಾದರೂ ನಾನೂ ಹಾಗೆಯೇ ಕರೆಯುತ್ತಿದ್ದೆ. ಮಗ್ಗದ ಹಾಸು, ಅಂದರೆ ಉದ್ದಕ್ಕೆ ಹಾಯಿಸಿದ ನೂಲು, ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುವುದೇ ಕೆಚ್ಚುವುದು. ಕೂಡಿಸಿದ ಪ್ರತಿ ಎಳೆಯನ್ನೂ ಅವರು ಒಮ್ಮೆ ಮೆಲ್ಲಗೆ ಜಗ್ಗಿ ನೋಡುತ್ತಿದ್ದರು. ಯಾವ ಮಗ್ಗಕ್ಕೆ ಯಾವತ್ತು ಬರಬೇಕು ಎಂಬುದನ್ನು ಮಾಲೀಕರು ಒಬ್ಬೊಬ್ಬರು ಒಂದೊಂದು ಕಂಪನಿಯ ಮೊಬೈಲ್ ಕ್ಯಾಲೆಂಡರಿನಲ್ಲಿ ಹಾಕಿ ಕಳಿಸುತ್ತಿದ್ದರು. ಕಾಕಾ ಅವನ್ನೆಲ್ಲ ತಮ್ಮ ಫೋನಿನಲ್ಲಿ ಒಂದೇ ಪುಟಕ್ಕೆ ತಂದುಕೊಂಡಿದ್ದರು. ಒಬ್ಬ ಮಾಲೀಕರಿಗೆ ಒಂದು ಬಣ್ಣ.

ನಾನು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಈಗ ನೇಕಾರ ಮಹಿಳೆಯರ ಸಂಘವೊಂದರ ಕಾರ್ಯದರ್ಶಿ. ಸಂಘದ ಫೋನು ಬೇರೆ, ಮನೆಯ ಫೋನು ಬೇರೆ. ಸಂಜೆ ಐದೂವರೆಗೆ ಸಂಘದ ಫೋನನ್ನು ಕಚೇರಿಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದರೆ ಮುಗಿಯಿತು. ಎರಡನ್ನೂ ಬೆರೆಸುವುದು ಅಶಿಸ್ತು ಎಂದು ನಂಬಿದ್ದೆ. ನಮ್ಮ ಯಜಮಾನರಿಗೆ ಮಂಗಳವಾರ, ಶುಕ್ರವಾರ ಹನ್ನೊಂದಕ್ಕೆ ಜಮಖಂಡಿಯಲ್ಲಿ ಡಯಾಲಿಸಿಸ್. ಅದನ್ನು ಮನೆಯ ಫೋನಿನಲ್ಲಿ ನಾನೇ ಬರೆದುಕೊಂಡಿದ್ದೆ. ಆದರೆ ಮೊದಲ ದಿನ ಆಸ್ಪತ್ರೆಯವರು ಇಮೇಲ್ ಕೇಳಿದಾಗ ನನಗೆ ಬಾಯಿಪಾಠವಿದ್ದದ್ದು ಸಂಘದ್ದು. ಅದನ್ನೇ ಕೊಟ್ಟಿದ್ದೆ. ಹೊತ್ತು ಬದಲಾದರೆ ಅವರ ಸಂದೇಶ ಸಂಘದ ಫೋನಿನ ಕ್ಯಾಲೆಂಡರಿಗೆ ಹೋಗಿ ಕೂರುತ್ತಿತ್ತು.

ಒಂದು ಶುಕ್ರವಾರ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ಹೋಗಿ ನಿಂತೆವು. ಅಲ್ಲಿನವನು ತಲೆ ಕೆರೆದುಕೊಂಡ.

"ಇವತ್ತ ಏಳಕ್ಕ ಬರ್ರಿ ಅಂತ ನಿನ್ನಿ ಸಂಜೀಕನ ಕಳಿಸೇವಲ್ರಿ ಬಾಯಾರ. ಈಗ ಮಷಿನ್ ರಿಪೇರಿಗೆ ಬಿಚ್ಯಾರ. ಇನ್ನ ನಾಳೆ."

ಆ ಸಂದೇಶ ಕಪಾಟಿನೊಳಗಿತ್ತು. ಯಜಮಾನರ ಪಾದಗಳು ಆಗಲೇ ಬಾತಿದ್ದವು. ಮನೆಗೆ ಬಂದ ಮೇಲೆ ಅವರಿಗೆ ಮಲಗಲಾಗಲಿಲ್ಲ. ಗೋಡೆಗೆ ಒರಗಿ ಕೂತು ಬಾಯಿಯಿಂದ ಉಸಿರೆಳೆಯತೊಡಗಿದರು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನು ಗಡಿಯಾರ ನೋಡುತ್ತಿದ್ದೆ.

ಎದುರು ಮನೆಯ ಮಗ್ಗದಿಂದ ಕಾಕಾ ಎದ್ದು ಬಂದರು. "ಯಾಕ್ರಿ ಅಕ್ಕಾರ, ಇಷ್ಟ ಲಗೂ ಬಂದ್ರಿ?" ಎಂದವರು ಯಜಮಾನರ ಮುಖ ನೋಡಿದರು. ಬೂದಿಗೈಯಲ್ಲೇ ಮುಧೋಳದ ಒಬ್ಬ ಮಾಲೀಕರಿಗೆ ಫೋನು ಹಚ್ಚಿದರು. ಅವರು ವಿಚಾರಿಸಿ, ಅಲ್ಲಿನ ಆಸ್ಪತ್ರೆಯಲ್ಲಿ ಮೂರಕ್ಕೆ ಒಂದು ಹಾಸಿಗೆ ಇದೆ ಎಂದರು. ಅರ್ಧ ಕೆಚ್ಚಿದ ಹಾಸನ್ನು ಬಿಟ್ಟು ಕಾಕಾ ನಮ್ಮ ಜೊತೆಗೇ ಕಾರು ಹತ್ತಿದರು.

"ಹಾಸು ಎಲ್ಲಿಗೂ ಓಡಿ ಹೋಗೂದಿಲ್ರಿ. ಸರ, ಉಸರ ನಿಮ್ಮದು, ನೀವ ಎಳೀಬೇಕ."

ದೈಹಿಕ ಶಿಕ್ಷಕರಾಗಿದ್ದ ಯಜಮಾನರು ಏದುಸಿರಿನಲ್ಲೇ, "ನೀ ಸೀಟಿ ಹೊಡಿ, ನಾ ಎಳೀತೇನಿ," ಎಂದರು. ನನಗೆ ನಗು ಬರಲಿಲ್ಲ. ದಾರಿಯುದ್ದಕ್ಕೂ ಆ ಎದೆ ಏಳುವುದನ್ನೇ ನೋಡುತ್ತಿದ್ದೆ.

ಯಂತ್ರ ತಿರುಗತೊಡಗಿದ ಮೇಲೆ ಹೊರಗಿನ ಬೆಂಚಿನಲ್ಲಿ ಕಾಕಾ ಕೈ ಚಾಚಿದರು. "ಎರಡೂ ಫೋನ್ ಕೊಡ್ರಿ."

"ಸಂಘದ್ದು ಕಪಾಟಿನ್ಯಾಗ ಐತಿ."

"ಡಯಾಲಿಸಿಸ್ ಕಪಾಟಿಗೇನ್ರಿ, ಸರಗೇನ್ರಿ?"

ನನ್ನ ಇಡೀ ನೌಕರಿಯಲ್ಲಿ ಯಾರೂ ನನಗೆ ಹಾಗೆ ಅಂದಿರಲಿಲ್ಲ.

ಮರುದಿನ ಅವರು ಕಚೇರಿಗೇ ಬಂದು ಕೂತರು. ನಾನು, "ಆಸ್ಪತ್ರಿಗೆ ಕೊಟ್ಟ ಇಮೇಲ್ ಬದಲಿ ಮಾಡಸ್ತೇನಿ, ಸಾಕು," ಎಂದೆ.

"ಮಾಡಸ್ರಿ. ಸಂಘದ ಸಭಾ ಮಂಗಳವಾರ ಬಿದ್ರ ಏನ ಮಾಡ್ತೀರಿ? ಎರಡೂ ಒಂದ ಪುಟದಾಗ ಕಾಣಬೇಕ್ರಿ."

ಇನ್ನೊಂದು ಭಯ ಹೇಳಿಕೊಂಡೆ. ಯಜಮಾನರು ತಮ್ಮ ಕಾಯಿಲೆಯನ್ನು ಕಾಕಾ ಒಬ್ಬರನ್ನು ಬಿಟ್ಟು ಓಣಿಯಲ್ಲಿ ಯಾರಿಗೂ ತಿಳಿಸಿರಲಿಲ್ಲ. ಅದು ಸಂಘದ ಕ್ಯಾಲೆಂಡರ್ ನೋಡುವ ಸದಸ್ಯರೆಲ್ಲರ ಫೋನಿನಲ್ಲಿ ಕಂಡರೆ?

"ಹಳೇ ಹಾಸು ಬಿಚ್ಚೂದಿಲ್ರಿ. ಬರೇ ತುದಿ ಕೂಡಸೂದು," ಎಂದು ತೋರಿಸಿದರು. ಸಂಘದ್ದೆಲ್ಲ ಮನೆಯ ಫೋನಿನಲ್ಲಿ ಕಾಣುತ್ತದೆ. ಮನೆಯದು ಸಂಘದ ಕಡೆ ಬರೀ 'ಬಿಜಿ' ಎಂದಷ್ಟೇ. ಆಸ್ಪತ್ರೆಯ ಸಂದೇಶಗಳಿಗೂ ಸದಸ್ಯರಿಗೆ ಕಾಣದಂತೆ ತೆರೆ ಹಾಕಿದರು. ಮುಂದಿನ ವಾರ ಅಧ್ಯಕ್ಷರು, "ಮಂಗಳವಾರ ಏನೋ ಬಿಜಿ ಅಂತ ಬರ್ತೈತಲ್ರಿ?" ಎಂದು ಕೇಳಿದರು. "ಹೌದ್ರಿ, ಬಿಜಿ," ಎಂದೆ.

ಕೊನೆಗೆ ಕಾಕಾ ಒಂದು ಎಚ್ಚರಿಕೆ ಕೊಟ್ಟರು. ಒಂದು ಕಂಪನಿಯ ಕ್ಯಾಲೆಂಡರಿನಲ್ಲಾದ ಬದಲಾವಣೆ ಇನ್ನೊಂದಕ್ಕೆ ಬಂದು ಮುಟ್ಟಲು ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. "ಕೂಡೇತಿ ಅಂತ ನಂಬಿ ಕುಂದರಬ್ಯಾಡ್ರಿ. ಮುಂಜಾನೆ ಆರಕ್ಕ ಎರಡೂ ತಗದ ಜಗ್ಗಿ ನೋಡ್ರಿ." ಮರೆಯದಿರಲೆಂದು ದಿನವೂ ಆರಕ್ಕೆ ಗಂಟೆ ಬಾರಿಸುವಂತೆ ಅದನ್ನೇ ಬರೆದಿಟ್ಟರು: ಜಗ್ಗಿ ನೋಡ್ರಿ. ಅಂದಿನಿಂದ ಸಂಘದ ಫೋನು ಸಂಜೆ ನನ್ನ ಜೊತೆ ಮನೆಗೆ ಬರುತ್ತದೆ. ಆಸ್ಪತ್ರೆಯ ಕಡತದಲ್ಲಿನ ಇಮೇಲ್ ಮಾತ್ರ, ಎಷ್ಟು ಸಲ ಕೇಳಿದರೂ, ಇನ್ನೂ ಬದಲಾಗಿಲ್ಲ.

ಕಾಕಾ ಅವರ ಫೋನಿನ ಬಣ್ಣಗಳಲ್ಲಿ ಅವರ ಸ್ವಂತದ್ದು ಯಾವುದು ಎಂದು ಒಮ್ಮೆ ಕೇಳಿದ್ದೆ. "ನಂದೇನೈತ್ರಿ? ನಾ ಎಲ್ಲಾರ ನಡುವ ಇರ್ತೇನಿ," ಎಂದಿದ್ದರು. ಹೋದ ವರ್ಷ ಬನಹಟ್ಟಿಯಲ್ಲಿ ಮಗ್ಗದ ಮುಂದೆ ಕೂತಿದ್ದಾಗ ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟಲಿಲ್ಲ.

ಕೆಲವು ದಿನಗಳ ನಂತರ ಅವರ ಹೆಂಡತಿ ಅಂಗಿಯ ಕಿಸೆಯಲ್ಲಿ ಸಿಕ್ಕ ಚೀಟಿ ತಂದು ತೋರಿಸಿದರು. "ಇದರಾಗ ಏನ ಬರದಾರ ನೋಡ್ರಿ ಅಕ್ಕಾರ." ಜಮಖಂಡಿಯ ಹೃದಯದ ಡಾಕ್ಟರು ಕೊಟ್ಟಿದ್ದ ದಿನಾಂಕ. ಅದು ಎಂದೋ ದಾಟಿಹೋಗಿದ್ದ ಒಂದು ಮಂಗಳವಾರ. ನನ್ನ ಫೋನಿನಲ್ಲಿ ಹಿಂದಕ್ಕೆ ಸರಿಸಿ ನೋಡಿದೆ. ಅಂದು ನನಗೆ ಸಂಘದ ಸಭೆಯಿತ್ತು. ಯಜಮಾನರನ್ನು ಡಯಾಲಿಸಿಸ್‌ಗೆ ಕರೆದೊಯ್ದು ಮೂರು ಗಂಟೆ ಪಕ್ಕದಲ್ಲಿ ಕೂತಿದ್ದವರು ಕಾಕಾ. ಆ ಡಾಕ್ಟರರ ದವಾಖಾನೆ ಅಲ್ಲಿಂದ ಎರಡು ಓಣಿ ಆಚೆ.

ಅವರ ಹೆಂಡತಿಗೆ ಚೀಟಿಯಲ್ಲಿದ್ದುದನ್ನು ಓದಿ ಹೇಳಿದೆ. ಆ ದಿನ ಅವರು ಎಲ್ಲಿದ್ದರು ಎಂಬುದನ್ನು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಇವತ್ತೂ ಆರಕ್ಕೆ ಫೋನು ಗಂಟೆ ಬಾರಿಸಿತು. ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟೆ. ಮನೆಯದರಲ್ಲಿ ಡಯಾಲಿಸಿಸ್ ಇನ್ನೂ ಹನ್ನೊಂದಕ್ಕೇ. ಸಂಘದ್ದರಲ್ಲಿ ಆಸ್ಪತ್ರೆಯವರ ಹೊಸ ಹೊತ್ತು, ಏಳೂವರೆ.

"ಏಳ್ರಿ, ಹೊತ್ತಾತು," ಎಂದೆ. ಯಜಮಾನರು ಎದ್ದು ಚಪ್ಪಲಿ ಮೆಟ್ಟಿದರು.