ಪ್ರಿವ್ಯೂ ಬಂದಿತ್ತು, ಯಾವೂರು ಎಂದು ಕೇಳಿದೆವು

ತೆಲುಗು ನಾಡಿನ ಗಚ್ಚಿಬೌಲಿಯಲ್ಲಿ ನನ್ನ ಕೆಲಸ ಏನೆಂದು ಮೈಸೂರಿನ ನೆಂಟರು ಕೇಳಿದರೆ ನಾನು ಉತ್ತರ ಶುರುಮಾಡುತ್ತೇನೆ. ಎರಡನೇ ವಾಕ್ಯಕ್ಕೆ ಅವರ ಕಣ್ಣು ಟೀವಿಯ ಕಡೆ ಹೋಗುತ್ತದೆ. ಆದರೂ ಹೇಳಿಬಿಡುತ್ತೇನೆ. ಪ್ರೋಗ್ರಾಮರುಗಳು ಬರೆದ ಕೋಡನ್ನೆಲ್ಲ ಒಟ್ಟುಗೂಡಿಸಿ, ಓಡುವ ಸ್ಥಿತಿಗೆ ತರುವ ಬಿಲ್ಡ್ ಟೂಲ್ ಒಂದನ್ನು ನಮ್ಮ ಕಂಪನಿ ಮಾರುತ್ತದೆ. ಆ ಕೋಡು ನಿಂತಿರುವುದು ಬೇರೆ ಯಾರೋ ಕಟ್ಟಿಕೊಟ್ಟ ಫ್ರೇಮ್‌ವರ್ಕ್ ಎಂಬ ಅಡಿಪಾಯದ ಮೇಲೆ. ಅವರು ವರ್ಷಕ್ಕೊಂದು ಹೊಸ ಆವೃತ್ತಿ ತರುತ್ತಾರೆ. ಅದು ಪೂರ್ತಿ ಬೇಯುವ ಮೊದಲೇ, ರುಚಿ ನೋಡಿ ಎಂದು ತಿಂಗಳಿಗೊಂದು ಪ್ರಿವ್ಯೂ ಬಿಡುತ್ತಾರೆ. ಪ್ರತಿ ಪ್ರಿವ್ಯೂ ಜೊತೆಗೂ ನಮ್ಮ ಟೂಲ್ ಜಗಳವಾಡದೆ ಹೊಂದಿಕೊಂಡು ಹೋಗುವಂತೆ ನೋಡಿಕೊಳ್ಳಬೇಕಾದವರು ನಾನು ಮತ್ತು ಅಕ್ಕ.

ಅಕ್ಕ ರಾಯಚೂರಿನವರು, ನನಗಿಂತ ಹತ್ತು ವರ್ಷ ಹಿರಿಯರು. ನಾನು ಸೇರಿದ ಮೊದಲ ದಿನ "ಮೇಡಂ" ಎಂದಾಗ, "ಮೇಡಂ ಅಂದ್ರ ನನಗ ಸಾಲಿ ನೆನಪಾಕ್ಕೈತಿ, ಅಕ್ಕಾ ಅನ್ನು ತಮ್ಮ" ಎಂದಿದ್ದರು. ಆಫೀಸಿನಲ್ಲಿ ಕನ್ನಡ ಗೊತ್ತಿದ್ದವರು ನಾವಿಬ್ಬರೇ. ಹಾಗಾಗಿ ಎಷ್ಟು ಗಟ್ಟಿಯಾಗಿ ಯಾರನ್ನು ಬೈದುಕೊಂಡರೂ ಅದು ಗುಟ್ಟಾಗಿಯೇ ಉಳಿಯುತ್ತಿತ್ತು. ಈ ಸವಲತ್ತು ನಮ್ಮಿಬ್ಬರನ್ನೂ ಸ್ವಲ್ಪ ಕೆಡಿಸಿತ್ತು.

ಒಂದು ಮಧ್ಯಾಹ್ನ ನಾನು ಟೂಲಿಗೆ ಒಂದು ತಪಾಸಣೆ ಸೇರಿಸುತ್ತಿದ್ದೆ. ನಮಗೆ ಗೊತ್ತಿರುವ ಫ್ರೇಮ್‌ವರ್ಕ್ ಆವೃತ್ತಿಗಳ ಪಟ್ಟಿಯೊಂದಿತ್ತು. ಗ್ರಾಹಕರ ಬಳಿ ಇರುವ ಆವೃತ್ತಿ ಪಟ್ಟಿಯಲ್ಲಿಲ್ಲದಿದ್ದರೆ ಟೂಲ್ ಒಂದು ಸಂದೇಶ ತೋರಿಸಿ ಅಲ್ಲಿಗೇ ನಿಂತುಬಿಡಬೇಕು. ಆ ಸಂದೇಶವನ್ನು ಇಂಗ್ಲಿಷಿನಲ್ಲಿ ಬರೆದುಕೊಡಲು ಬೇರೆ ತಂಡವಿತ್ತು, ಅವರು ರಜೆಯಲ್ಲಿದ್ದರು.

"ಅಕ್ಕ, ಸದ್ಯಕ್ಕೆ ಇಲ್ಲಿ ಏನು ಬರೀಲಿ?" ಎಂದು ಕೇಳಿದೆ.

ಅವರು ತಲೆ ಎತ್ತದೆ ಹೇಳಿದರು: "ಗುರುತಿಲ್ಲದವ್ರು ಬಾಗಲಾಗ ಬಂದು ನಿಂತ್ರ ನಮ್ಮವ್ವ ಏನ್ ಕೇಳ್ತಾಳ, ಅದನ್ನ ಬರಿ. ಯಾರಪ್ಪ ನೀ? ಯಾವೂರು? ಅಲ್ಲೇ ಕುಂದ್ರು."

ನಾನು ನಕ್ಕು ಅಕ್ಷರಶಃ ಹಾಗೆಯೇ, ಕನ್ನಡ ಲಿಪಿಯಲ್ಲೇ ಬರೆದೆ. ರಜೆ ಮುಗಿಸಿ ಬಂದ ತಂಡಕ್ಕೆ ನೆನಪಿಸುವುದನ್ನು ಮರೆತೆ. ಟೂಲ್ ಲೋಕಸಂಚಾರಕ್ಕೆ ಹೊರಟಿತು. ಗ್ರಾಹಕರೆಲ್ಲರ ಆವೃತ್ತಿಯೂ ಪಟ್ಟಿಯಲ್ಲಿದ್ದುದರಿಂದ ಎರಡು ತಿಂಗಳು ಅಕ್ಕನ ಅವ್ವ ಯಾರನ್ನೂ ಏನೂ ಕೇಳಲಿಲ್ಲ.

ಆಮೇಲೆ ಮೂರನೇ ತಿಂಗಳ ಪ್ರಿವ್ಯೂ ಬಂತು. ಅದರ ಹೆಸರನ್ನು ಮುಂಚೆಯೇ ಊಹಿಸಿ ನಾವು ಪಟ್ಟಿಗೆ ಸೇರಿಸಿಯೇ ಇದ್ದೆವು. ಆದರೆ ಫ್ರೇಮ್‌ವರ್ಕಿನ ಪುಣ್ಯಾತ್ಮರು ಆ ಸಲ ಹೆಸರಿಗೂ ಅಂಕಿಗೂ ನಡುವೆ ಒಂದು ಚುಕ್ಕಿ ಇಟ್ಟಿದ್ದರು. ನಮ್ಮ ಟೂಲಿಗೆ ಚುಕ್ಕಿ ಇದ್ದವನು ಬೇರೆ, ಇಲ್ಲದವನು ಬೇರೆ.

ಬೆಳಿಗ್ಗೆ ನಾನು ಆಫೀಸಿಗೆ ಬರುವಷ್ಟರಲ್ಲಿ ದೂರುಗಳು ಸಾಲುಗಟ್ಟಿದ್ದವು. ಕೆಲವರ ಪರದೆಯಲ್ಲಿ ಕನ್ನಡ ಅಕ್ಷರಗಳ ಬದಲು ಬರೀ ಚೌಕಗಳು ಮೂಡಿದ್ದವು. ಒಬ್ಬರು ತಮ್ಮ ಕಂಪ್ಯೂಟರಿಗೆ ಕಳ್ಳರು ನುಗ್ಗಿದ್ದಾರೆಂದು ನೆಟ್‌ವರ್ಕ್ ತಂತಿಯನ್ನೇ ಕಿತ್ತಿದ್ದರು. ಯುರೋಪಿನ ಒಬ್ಬ ಗ್ರಾಹಕ ಆ ಸಾಲನ್ನು ಅನುವಾದ ಯಂತ್ರಕ್ಕೆ ಕೊಟ್ಟಿದ್ದ. ಅದು 'ನೀನು ಯಾರ ತಂದೆ? ಯಾವ ಪಟ್ಟಣ? ಅಲ್ಲಿಯೇ ಕೂತುಕೋ' ಎಂದು ಹೇಳಿತ್ತು. ತನಗಿನ್ನೂ ಮದುವೆಯಾಗಿಲ್ಲವೆಂದೂ, ಬಿಲ್ಡ್ ಮಾಡಲು ಮಕ್ಕಳಿರಬೇಕೆಂಬ ನಿಯಮ ಯಾವಾಗ ಬಂತೆಂದೂ ಆತ ವಿಚಾರಿಸಿದ್ದ.

ಅದನ್ನು ನಾನು ಅಕ್ಕನಿಗೆ ಓದಿ ಹೇಳಿದೆ. ಅಕ್ಕ ನೀರಿನ ಬಾಟಲಿ ಮುಂದಿಟ್ಟು, "ಕುಡಿ. ನೌಕರಿ ಹೋದ್ರ ಇಬ್ಬರದೂ ಹೋಗತೈತಿ" ಎಂದರು. ಅದು ಸಮಾಧಾನವೋ ಬೆದರಿಕೆಯೋ ತಿಳಿಯಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಕರೆಸಿದರು. ಅವರು ಕರೀಂನಗರದ ಕಡೆಯವರು, ತೆಲುಗಿನವರು. ಕನ್ನಡ ಅಕ್ಷರವೂ ತೆಲುಗು ಅಕ್ಷರವೂ ದಾಯಾದಿಗಳಲ್ಲವೇ. ಅವರು ಪರದೆಯ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ಇದು ಕೆಟ್ಟ ಅಕ್ಷರದ ತೆಲುಗೆಂದೇ ಅವರ ನಂಬಿಕೆ.

"ಏಂದಿದಿ, ಏನಿದು? ಅಪ್ಪ ಅಂತಿದೆ. ನೀ ಅಂದರೆ 'ನಿನ್ನ'. ಇಲ್ಲಿ ಊರು," ಎಂದು ತೆಲುಗಿನಲ್ಲಿ ಹೇಳಿ ನನ್ನ ಮುಖ ನೋಡಿದರು. "ನಿನ್ನ ಅಪ್ಪ ಯಾರು, ಊರು ಯಾವುದು ಅಂತ ಗ್ರಾಹಕರನ್ನ ಕೇಳ್ತಿದ್ದೀರಾ? ಇದೇನು ರೇಷನ್ ಕಾರ್ಡ್ ಅರ್ಜಿಯಾ?"

ಅರ್ಧ ಸರಿ, ಅರ್ಧ ತಪ್ಪು. ಯಾವ ಅರ್ಧವನ್ನು ತಿದ್ದಬೇಕೆಂದು ನಾನು ಯೋಚಿಸುತ್ತಿದ್ದಾಗಲೇ ಅವರು ಬೇಗಂಪೇಟೆಯ ಆಫೀಸಿನಲ್ಲಿದ್ದ ಕಾನೂನು ವಿಭಾಗದ ಮೇಡಂಗೆ ವಿಡಿಯೊ ಕರೆ ಮಾಡಿಬಿಟ್ಟಿದ್ದರು. ಗ್ರಾಹಕರ ಖಾಸಗಿ ಮಾಹಿತಿ ಕೇಳುವುದು ಸಣ್ಣ ವಿಷಯವಲ್ಲ.

ಮೇಡಂ ಗಂಭೀರವಾಗಿ ಕೇಳಿದರು: "ಈ ಊರಿನ ಹೆಸರುಗಳನ್ನೆಲ್ಲ ಎಲ್ಲಿ ಇಡುತ್ತೀರಿ?"

"ಎಲ್ಲೂ ಇಡಲ್ಲ ಮೇಡಂ," ಎಂದೆ.

"ಮತ್ತೆ ಯಾಕೆ ಕೇಳುತ್ತೀರಿ?"

ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಅಕ್ಕ ಒಳಗೆ ಬಂದು, ತೆಲುಗಿನಲ್ಲಿ ನೇರವಾಗಿ ಹೇಳಿದರು: "ಕೇಳಿದ್ದು ಟೂಲ್ ಅಲ್ಲ ಸರ್. ನಮ್ಮ ಅಮ್ಮ."

ಮ್ಯಾನೇಜರ್ ಕೇಳಿದರು: "ನಿಮ್ಮ ಅಮ್ಮ ಯಾವ ಟೀಮಲ್ಲಿದ್ದಾರೆ?"

ಅಕ್ಕ ಎಲ್ಲವನ್ನೂ ಬಿಡಿಸಿ ಹೇಳಿದರು. ಬರೆದದ್ದು ನಾನು ಎಂದು ನಾನೂ ಒಪ್ಪಿಕೊಂಡೆ. ಮೇಡಂ ಕ್ಯಾಮೆರಾ ಆಫ್ ಮಾಡಿಕೊಂಡರು, ಆದರೆ ಮೈಕ್ ಮರೆತರು. ಅವರು ನಗುವುದು ನಮಗೆ ಚೆನ್ನಾಗಿ ಕೇಳಿಸಿತು. ಮ್ಯಾನೇಜರ್ ಮಾತ್ರ ನಗಲಿಲ್ಲ. "ಸಂದೇಶದ ಕಥೆ ಇರಲಿ. ಒಂದು ಚುಕ್ಕಿಗೆ ಟೂಲ್ ಯಾಕೆ ನಿಂತಿತು? ನಿಮ್ಮಮ್ಮ ಗುರುತಿಲ್ಲದವರನ್ನ ಹೊರಗೇ ಕೂರಿಸ್ತಾರಾ?"

"ಇಲ್ಲ ಸರ್. ಕೇಳಿದ ಮೇಲೆ ಒಳಗೆ ಕರೆದು ನೀರು ಕೊಡ್ತಾಳೆ. ಹೋಗೋವರೆಗೂ ಕಣ್ಣು ಮಾತ್ರ ತೆಗೆಯಲ್ಲ," ಎಂದರು ಅಕ್ಕ.

"ಹಾಗೇ ಮಾಡಿ," ಎಂದರು ಮ್ಯಾನೇಜರ್.

ಹಾಗೇ ಮಾಡಿದೆವು. ಪರಿಚಯವಿಲ್ಲದ ಆವೃತ್ತಿ ಬಂದರೆ ನಿಲ್ಲುವ ಬದಲು, ಇದನ್ನು ನಾವಿನ್ನೂ ಪರೀಕ್ಷಿಸಿಲ್ಲ, ಹುಷಾರು ಎಂದು ಇಂಗ್ಲಿಷಿನಲ್ಲಿ ಎಚ್ಚರಿಸಿ ಟೂಲ್ ಮುಂದೆ ಹೋಗುವಂತೆ ತಿದ್ದಿದೆವು. ಹೇಳಲು ಒಂದು ಸಾಲು, ಮಾಡಲು ಮೂರು ದಿನ. ಒಳಗೆ ಬಿಟ್ಟ ಪ್ರಿವ್ಯೂ ಹಿತ್ತಲಲ್ಲಿ ಐದಾರು ಫೈಲುಗಳ ಜಾಗವನ್ನೂ ಬದಲಿಸಿಟ್ಟಿತ್ತು. ಅವನ್ನು ಒಂದೊಂದಾಗಿ ಹುಡುಕಿ ಟೂಲಿಗೆ ದಾರಿ ಹೇಳಿಕೊಡಬೇಕಾಯಿತು. ಊಟಕ್ಕೆ ಕ್ಯಾಂಟೀನಿಗೆ ಹೋಗಲೂ ಪುರುಸೊತ್ತಿಲ್ಲದೆ, ಅಕ್ಕ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿಯನ್ನೇ ಕೀಬೋರ್ಡಿನ ಪಕ್ಕದಲ್ಲಿಟ್ಟುಕೊಂಡು ತಿಂದೆವು. ನಡುವೆ ಎಲ್ಲ ಗ್ರಾಹಕರಿಗೂ ಕ್ಷಮಾಪಣೆ ಪತ್ರ ಬರೆದೆ. ಮದುವೆಯಾಗದ ಗ್ರಾಹಕನಿಗೆ ಪ್ರತ್ಯೇಕವಾಗಿ ಬರೆದೆ.

ನಾಲ್ಕನೇ ದಿನ ಬೆಳಿಗ್ಗೆ ತಿದ್ದಿದ ಟೂಲನ್ನು ಬಿಡುಗಡೆ ಮಾಡಿ, ಟೀ ತರಲು ಎದ್ದೆವು. ಮರಳಿ ಬಂದು ಕೂತಾಗ ಫ್ರೇಮ್‌ವರ್ಕಿನವರ ಪ್ರಕಟಣೆ ಬಂದಿತ್ತು. ಈ ಪ್ರಿವ್ಯೂನಲ್ಲಿ ದೋಷಗಳಿರುವುದರಿಂದ ಅದನ್ನು ಹಿಂದಕ್ಕೆ ಪಡೆದಿದ್ದೇವೆ, ಯಾರೂ ಬಳಸಬೇಡಿ.

ಅಕ್ಕ ಅದನ್ನು ಎರಡು ಸಲ ಓದಿದರು. ಟೀಯನ್ನು ಪೂರ್ತಿ ಕುಡಿದು, ಕಪ್ ಕೆಳಗಿಟ್ಟು ಹೇಳಿದರು: "ಭಾಳ ಚಲೋ ಆತು ಬಿಡು ತಮ್ಮ. ಈಗ ಹೋಗಿ ಸರ್‌ಗೆ ನೀನ ಹೇಳು."